ಮೊದಲು ಒಳಗೆ ಹೋಗುವ ಮಗು

23 ಆಗಸ್ಟ್ 2021, ಸೋಮವಾರ

ಒಂಬತ್ತು, ಹತ್ತನೇ ಕ್ಲಾಸಿನವರಿಗೆ ಇವತ್ತಿನಿಂದ ಸ್ಕೂಲು. ಟೀವಿಯಲ್ಲಿ ತೋರಿಸಿದರು. ಗೇಟಿನ ಹತ್ತಿರ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಣೆಗೆ ಯಂತ್ರ ಹಿಡಿದು ಮೈಬಿಸಿ ನೋಡುತ್ತಿದ್ದರು. ಮಕ್ಕಳು ನಗುತ್ತಿದ್ದವು. ನಾನು ಟೀವಿ ಆರಿಸಿದೆ. ಹರಿತಾ ಎದ್ದು ರೇಷ್ಮೆಯ ಹುಳುಮನೆಗೆ ಹೋದಳು.

ನನ್ನ ಮೊಮ್ಮಗಳಿಗೆ ಈಗ ಎಂಟನೇ ಕ್ಲಾಸು. ಇನ್ನು ಅವಳ ಸರದಿ ಬರುತ್ತದೆ. ಬರಲಿ. ನನ್ನ ತೀರ್ಮಾನ ಆಗಿದೆ.

ಅವಳ ತಾಯಿ ತನುಜ ಮೇ ತಿಂಗಳಲ್ಲಿ ಹೋದಳು. ಆಂಬುಲೆನ್ಸಿಗೆ ನಡೆದುಕೊಂಡೇ ಹೋಗಿ ಹತ್ತಿದ ಸೊಸೆ. ಒಲೆಯ ಮೇಲೆ ಹಾಲಿದೆ, ಆರಿಸಿ ಮಗುವಿಗೆ ಕೊಡಿ ಅತ್ತೆ ಅಂದಳು. ಅದೇ ಕಡೆಯ ಮಾತು. ಮುಖ ನೋಡಲು ಬಿಡಲಿಲ್ಲ. ನನ್ನ ಮಗ ರಮೇಶ್‌ಬಾಬು ದೂರದಲ್ಲಿ ನಿಂತು ಕೈಮುಗಿದು ಬಂದ. ಹರಿತಾಳಿಗೆ ಅದೂ ಇಲ್ಲ.

ರೇಷ್ಮೆ ಸಾಕುವವರಿಗೆ ರೋಗದ ಪಾಠ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಹುಳುಮನೆಯ ಬಾಗಿಲಲ್ಲಿ ಸುಣ್ಣ ಇಲ್ಲದ ದಿನ ಇಲ್ಲ. ಕೈಕಾಲು ತೊಳೆಯದೆ ನನ್ನ ಗಂಡನೂ ಒಳಗೆ ಕಾಲಿಡುತ್ತಿರಲಿಲ್ಲ. ಒಂದು ಹುಳುವಿನ ಬಣ್ಣ ಕೆಟ್ಟರೂ ಆರಿಸಿ ತೆಗೆದುಬಿಡುತ್ತೇನೆ. ಮೇಲೂರಿನ ಸುತ್ತ ಎಲ್ಲರ ಬೆಳೆ ಹೋದ ವರ್ಷವೂ ನಮ್ಮ ಗೂಡು ಮಾರ್ಕೆಟ್ಟಿಗೆ ಹೋಗಿದೆ. ಮನೆಗೂ ಅದೇ ಶಿಸ್ತು ಇಟ್ಟಿದ್ದೆ. ಆದರೂ ಬಂತು. ಎಲ್ಲಿಂದ ಬಂತು ಅಂತ ಇವತ್ತಿಗೂ ತಿಳಿದಿಲ್ಲ.

ಎಲ್ಲಿಂದ ಅಂತ ತಿಳಿಯದ ಮೇಲೆ ಎಲ್ಲ ಬಾಗಿಲೂ ಮುಚ್ಚುವುದೇ ಸರಿ.

ಇಷ್ಟು ಬರೆದು ಎಷ್ಟೋ ಕಾಲವಾಗಿತ್ತು. ಎಸ್ಸೆಸ್ಸೆಲ್ಸಿ ಪಾಸಾದವಳು ನಾನು, ಅಕ್ಷರ ಇನ್ನೂ ನೆಟ್ಟಗಿದೆ. ಸಂಜೆ ಹೊತ್ತು ತನುಜಳ ಜೊತೆ ಮಾತಾಡಿ ರೂಢಿ. ಈಗ ಅದನ್ನು ಎಲ್ಲಾದರೂ ಇಳಿಸಬೇಕಲ್ಲ.

30 ಆಗಸ್ಟ್

ಆರರಿಂದ ಎಂಟನೇ ಕ್ಲಾಸಿಗೂ ಮುಂದಿನ ಸೋಮವಾರದಿಂದ ಅಂತ ಹೇಳಿದರು.

ರಮೇಶ ಚಿಂತಾಮಣಿ ಡಿಪೊದಲ್ಲಿ ಕಂಡಕ್ಟರು. ದಿನಕ್ಕೆ ನೂರಾರು ಜನರ ಕೈಯಿಂದ ದುಡ್ಡು ತೆಗೆದುಕೊಳ್ಳುವ ಕೆಲಸ. ತನುಜ ಹೋದಮೇಲೆ ಅವನನ್ನು ತೋಟದ ಪಂಪ್‌ಸೆಟ್ ಮನೆಯಲ್ಲಿ ಮಲಗಿಸುತ್ತಿದ್ದೇನೆ. ಊಟ ಜಗಲಿಯ ಮೇಲೆ ಇಡುತ್ತೇನೆ. ಮಗಳ ಜೊತೆ ಅಂಗಳದ ಆ ತುದಿಯಿಂದ ಮಾತಾಡುತ್ತಾನೆ.

ಇವತ್ತು ಉಣ್ಣುತ್ತಾ, ಪಾಪನ್ನ ಕಳಿಸೋಣ್ವಾ ಅಮ್ಮ ಅಂದ. ನೀನು ಬಸ್ಸಿಂದ ತರೋದು ಸಾಲದಾ, ಅವಳೂ ಹೋಗಿ ತರಬೇಕಾ ಅಂದೆ. ಅರ್ಧ ಮುದ್ದೆ ಬಿಟ್ಟು ಎದ್ದು ಕೈ ತೊಳೆದ.

ಹೇಳಬೇಕಾದದ್ದು, ಹೇಳಿದೆ.

2 ಸೆಪ್ಟೆಂಬರ್, ಗುರುವಾರ

ಹೆಡ್‌ಮಾಸ್ಟರ್ ಕೋನಪ್ಪ ಬಂದಿದ್ದರು. ಪೋಷಕರು ಒಪ್ಪಿಗೆ ಬರೆದುಕೊಡಬೇಕಂತೆ. ಅಂಗಳದಲ್ಲಿ ಕುರ್ಚಿ ಹಾಕಿಸಿದೆ. ಮಾಸ್ಕಿನ ಮೇಲಿನಿಂದ ಕಣ್ಣು ಮಾತ್ರ ಕಾಣುತ್ತಿತ್ತು. ತುಂಬಾ ಇಳಿದುಹೋಗಿದ್ದಾರೆ.

ಸ್ಕೂಲಿನ ಜಾಗ ನಮ್ಮ ಮಾವನವರು ಕೊಟ್ಟದ್ದು. ಅವರ ಕಾಲದಿಂದ ಒಂದು ಪದ್ಧತಿ ಇದೆ. ಪ್ರತಿ ವರ್ಷ ಸ್ಕೂಲು ತೆರೆಯುವ ದಿನ ನಮ್ಮ ಮನೆಯ ಮಗು ಬೆಲ್ಲದ ತಟ್ಟೆ ಹಿಡಿದು ಮೊದಲು ಒಳಗೆ ಹೋಗಬೇಕು. ಅದರ ಹಿಂದೆ ಊರ ಮಕ್ಕಳು. ನನ್ನ ಗಂಡ ಹೋಗಿದ್ದರು, ರಮೇಶ ಹೋಗಿದ್ದ, ಹರಿತಾ ಆರು ವರ್ಷ ಹೋದಳು. ಅದಕ್ಕೇ ದುಡ್ಡಿದ್ದವರೆಲ್ಲ ಮಕ್ಕಳನ್ನು ಶಿಡ್ಲಘಟ್ಟದ ಇಂಗ್ಲಿಷ್ ಸ್ಕೂಲಿಗೆ ವ್ಯಾನಿನಲ್ಲಿ ಕಳಿಸಿದರೂ ನಾವು ಕಳಿಸಲಿಲ್ಲ. ನಮ್ಮ ಸ್ಕೂಲು ನಮಗೆ ಸಾಕು ಅಂತ ನಾನೇ ಅಂದೆ.

ಕೋನಪ್ಪ ಅದನ್ನೇ ಹಿಡಿದರು. ಸೋಮವಾರ ಪದ್ಧತಿ ಪ್ರಕಾರ ಹರಿತಾ ಬಂದುಬಿಟ್ಟರೆ ಕೆಳಗಿನ ಬೀದಿಯವರು ತಾವಾಗೇ ಬರ್ತಾರೆ ಅಂದರು. ಈ ವರ್ಷ ಪದ್ಧತಿ ಇಲ್ಲ ಅಂದೆ. ಒತ್ತಾಯ ಮಾಡಲಿಲ್ಲ. ಕಾಫಿಯನ್ನೂ ಮುಟ್ಟಲಿಲ್ಲ, ಮಾಸ್ಕ್ ತೆಗೆಯಬೇಕಾಗುತ್ತಲ್ಲ ಅಂದರು.

6 ಸೆಪ್ಟೆಂಬರ್

ಸ್ಕೂಲು ತೆರೆಯಿತು. ಗಂಟೆ ಇಲ್ಲಿಗೇ ಕೇಳಿಸಿತು.

ಮಧ್ಯಾಹ್ನ ಕೋನಪ್ಪ ಫೋನು ಮಾಡಿ, ಕೆಳಗಿನ ಬೀದಿಯಿಂದ ಒಂದು ಮಗುವೂ ಬಂದಿಲ್ಲ, ದೊಡ್ಡಮನೆ ಮಗು ಹೋಗಿಲ್ವಲ್ಲ ಅಂತಾರೆ ಅಂದರು.

ನನಗೆ ಹೆಮ್ಮೆ ಅನ್ನಿಸಿತು. ಈ ಊರಿನಲ್ಲಿ ಇನ್ನೂ ನಮ್ಮ ಮನೆಯ ಕಡೆ ನೋಡಿ ನಡೆಯುವ ಜನ ಇದ್ದಾರೆ.

10 ಸೆಪ್ಟೆಂಬರ್, ಗಣೇಶನ ಹಬ್ಬ

ಹಬ್ಬ ಮಾಡಲಿಲ್ಲ. ವರ್ಷ ತುಂಬಿಲ್ಲ.

ಸೊಪ್ಪು ಕಟಾವಿಗೆ ಚಿಕ್ಕಮುನಿಯಮ್ಮ ಬಂದಿದ್ದಳು. ಇಪ್ಪತ್ತು ವರ್ಷದಿಂದ ನಮ್ಮ ತೋಟದಲ್ಲೇ ದುಡಿಯುವವಳು. ಜೊತೆಯಲ್ಲಿ ಅವಳ ಮೊಮ್ಮಗಳು. ಅದೂ ಹರಿತಾಳ ಕ್ಲಾಸೇ. ತಾಯಿ ಗೌರಿಬಿದನೂರಿನ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಅಪ್ಪ ಎಲ್ಲಿದ್ದಾನೋ. ಮಗು ಅಜ್ಜಿಯ ಹತ್ತಿರವೇ ಬೆಳೆದದ್ದು.

ಹರಿತಾ ತೋಟದ ಬೇಲಿಯ ಈ ಕಡೆ, ಆ ಹುಡುಗಿ ಆ ಕಡೆ. ಸನ್ನೆಯಲ್ಲಿ ಏನೋ ಆಡಿಕೊಂಡು ನಗುತ್ತಿದ್ದವು. ಹರಿತಾ ನಕ್ಕದ್ದು ಕೇಳಿ ಹುಳುಮನೆಯಿಂದ ಹೊರಗೆ ಬಂದೆ. ನನ್ನನ್ನು ನೋಡಿ ಇಬ್ಬರೂ ಸುಮ್ಮನಾದರು. ದೂರ ಇರ್ರೇ ಅಂದೆ. ದೂರವೇ ಇದ್ದವು, ಆದರೂ ಅಂದೆ.

ಆಮೇಲೆ ಚಿಕ್ಕಮುನಿಯಮ್ಮನನ್ನು ಕೇಳಿದೆ, ಮಗೂನ ಸ್ಕೂಲಿಗೆ ಕಳಿಸಲ್ವಾ ಅಂತ. ತಲೆಯ ಮೇಲೆ ಸೊಪ್ಪಿನ ಹೊರೆ ಇಟ್ಟುಕೊಂಡೇ ಹೇಳಿದಳು:

“ನಿಮ್ಮ ಪಾಪ ಹೋದ ದಿನ ನಮ್ದೂ ಹೋಗ್ತೈತೆ ಬಿಡಮ್ಮ. ದೊಡ್ಡಮನೆಗೆ ತಿಳೀದೆ ಇರೋದು ನಮಗೇನು ತಿಳೀತೈತೆ.”

ತಿಳಿದವಳು.

20 ಸೆಪ್ಟೆಂಬರ್

ಹುಳು ನಾಲ್ಕನೇ ಜ್ವರಕ್ಕೆ ಕೂತಿವೆ. ಹರಿತಾಳಿಗೆ ಈ ಬೆಳೆಯಲ್ಲಿ ಎಲ್ಲವನ್ನೂ ಹೇಳಿಕೊಡುತ್ತಿದ್ದೇನೆ. ಪೊರೆ ಬಿಡುವ ಮುಂಚೆ ಹುಳು ತಿನ್ನುವುದು ಬಿಟ್ಟು ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ, ಅದಕ್ಕೇ ಜ್ವರ ಅನ್ನುವುದು ಅಂದೆ. ಕೆಲವು ಮೊದಲು ಏಳುತ್ತವೆ, ಕೆಲವು ತಡವಾಗಿ. ಮೊದಲು ಎದ್ದವಕ್ಕೆ ಸೊಪ್ಪು ಹಾಕಿಬಿಟ್ಟರೆ ಬೆಳೆ ಏರುಪೇರಾಗುತ್ತದೆ. ಎಲ್ಲವೂ ಏಳುವ ತನಕ ಕಾಯಬೇಕು.

“ಮೊದಲು ಎದ್ದವು ಹಸಿದಿರಲ್ವಾ ಅಜ್ಜಿ?”

ಹಸಿದಿರ್ತವೆ, ಕಾಯಬೇಕು ಅಂದೆ.

ಸ್ಕೂಲಿನ ವಿಷಯವೂ ಹಾಗೇ ಮಾಡುವುದು ಅಂತ ಅವಳಿಗೆ ಬಿಡಿಸಿ ಹೇಳಿದೆ. ಬೇರೆಯವರ ಮಕ್ಕಳು ಮೊದಲು ಹೋಗಲಿ. ಒಂದು ತಿಂಗಳು ನೋಡೋಣ. ಯಾರಿಗೂ ಏನೂ ಆಗಲಿಲ್ಲ ಅಂದರೆ ಆಗ ಯೋಚನೆ ಮಾಡೋಣ. ಅವಳು ತಲೆಯಾಡಿಸಿದಳು. ಈ ಹುಡುಗಿ ಎದುರು ಮಾತಾಡುವುದಿಲ್ಲ. ತನುಜ ಆಡುತ್ತಿದ್ದಳು.

ಪಾಠ ತನುಜಳ ಫೋನಿನಲ್ಲೇ ನಡೆಯುತ್ತದೆ. ಮೇಷ್ಟ್ರು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಒಮ್ಮೊಮ್ಮೆ ತನುಜಳ ಕಡೆಯ ಯಾರೋ ವಿಷಯ ತಿಳಿಯದವರು ಅದಕ್ಕೆ ಫೋನು ಮಾಡುತ್ತಾರೆ. ಇವತ್ತು ಅಂಬಾಜಿದುರ್ಗದ ಕಡೆಯಿಂದ ಒಬ್ಬರು. ಹರಿತಾ ಪುಸ್ತಕ ಮಡಚಿ, ಅಮ್ಮ ಇಲ್ಲ ಅಂದಳು. ಅಷ್ಟೇ ಅಂದಳು. ಎಲ್ಲಿಗೆ ಹೋಗಿದ್ದಾಳೆ ಅಂತ ಅವರು ಕೇಳಿರಬೇಕು. ಫೋನು ತಂದು ನನ್ನ ಕೈಗೆ ಕೊಟ್ಟಳು.

29 ಸೆಪ್ಟೆಂಬರ್

ಗೂಡು ಚೆನ್ನಾಗಿ ಬಂದಿದೆ. ಒಂದೂ ಕೆಟ್ಟಿಲ್ಲ.

6 ಅಕ್ಟೋಬರ್, ಮಹಾಲಯ ಅಮಾವಾಸ್ಯೆ

ತನುಜಳಿಗೆ ಎಡೆ ಇಟ್ಟೆವು. ಒಬ್ಬಟ್ಟು, ಮೆಣಸಿನಕಾಯಿ ಬಜ್ಜಿ, ಹಸಿರು ಸೀರೆ. ಮಾವನವರು, ನನ್ನ ಗಂಡ, ಅವರ ಸಾಲಿನಲ್ಲಿ ಈ ಚಿಕ್ಕ ವಯಸ್ಸಿನ ಫೋಟೋ. ಹರಿತಾ ಕುಂಕುಮ ಇಟ್ಟಳು. ನಾನು ದೀಪ ಹಚ್ಚಿದೆ.

ಎಡೆಯ ಊಟ ಚಿಕ್ಕಮುನಿಯಮ್ಮನಿಗೆ ಕೊಡುವಾಗ, ಮಗು ಎಲ್ಲಿ, ತೋಟಕ್ಕೆ ಬಂದು ಬಹಳ ದಿನ ಆಯ್ತಲ್ಲ ಅಂದೆ. ಕೆಲಸಕ್ಕೆ ಹೋಗ್ತಾಳಮ್ಮ ಅಂದಳು. ಎಲ್ಲಿಗೆ ಅಂತ ನಾನು ಕೇಳಲಿಲ್ಲ. ನೆಂಟರು ಅಂಗಳದಲ್ಲಿ ಕಾಯುತ್ತಿದ್ದರು.

18 ಅಕ್ಟೋಬರ್

ರಮೇಶ ಉಣ್ಣುವಾಗ ಹೇಳಿದ. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ನಮ್ಮೂರ ಸರ್ಕಲ್ಲಿನಿಂದ ಚಿಕ್ಕಮುನಿಯಮ್ಮನ ಮೊಮ್ಮಗಳು ದಿನಾ ಹತ್ತುತ್ತಾಳಂತೆ. ಶಿಡ್ಲಘಟ್ಟದಲ್ಲಿ ಇಳಿಯುತ್ತಾಳೆ. ಜಗನ್ ಅನ್ನುವವನ ಫಿಲೇಚರಿನಲ್ಲಿ ನೂಲು ಬಿಚ್ಚುವ ಕೆಲಸ. ಒಂದು ದಿನ ಟಿಕೆಟ್ ಬೇಡ ಬಿಡಮ್ಮ ಅಂದನಂತೆ. ಬ್ಯಾಡಣ್ಣ, ನಂಗೂ ಸಂಬಳ ಬರ್ತೈತೆ ಅಂತ ಚಿಲ್ಲರೆ ಎಣಿಸಿ ಕೊಟ್ಟಳಂತೆ.

ನಾವು ಗೂಡು ಬೆಳೆಯುವವರು ಫಿಲೇಚರಿನ ಒಳಗೆ ಹೋಗುವುದು ಕಡಿಮೆ. ಆದರೂ ಗೊತ್ತು. ಗೂಡನ್ನು ಕುದಿಯುವ ನೀರಿಗೆ ಹಾಕಿ, ಆ ನೀರಿನೊಳಗೇ ಬೆರಳಾಡಿಸಿ ಎಳೆ ಹುಡುಕಬೇಕು. ಬೆಳಗಿನಿಂದ ಸಂಜೆವರೆಗೆ.

ಬಡವರ ಮನೆಯ ವಿಷಯ, ನಾವೇನು ಹೇಳುವುದು ಅಂದೆ. ರಮೇಶ ನನ್ನ ಮುಖ ನೋಡಿದ. ಹರಿತಾ ಬಾಗಿಲ ಹತ್ತಿರ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

26 ಅಕ್ಟೋಬರ್

ನಿನ್ನೆಯಿಂದ ಚಿಕ್ಕ ಮಕ್ಕಳಿಗೂ ಸ್ಕೂಲು. ಇವತ್ತು ಕೋನಪ್ಪ ಮತ್ತೆ ಬಂದರು. ಕುರ್ಚಿಯ ಮೇಲೆ ಕೂರಲಿಲ್ಲ.

ಮೇಲಿನ ಬೀದಿಯ ಕೆಲವರು ಬರುತ್ತಿದ್ದಾರೆ, ಕೆಳಗಿನ ಬೀದಿಯದು ಹಾಗೇ ಇದೆ, ದೊಡ್ಡ ಮಕ್ಕಳು ಒಂದೊಂದಾಗಿ ಕೂಲಿಗೆ ಸೇರುತ್ತಿವೆ ಅಂದರು. ನಾನು, ಒಂದು ತಿಂಗಳು ಬೇರೆಯವರನ್ನು ನೋಡಿ ಆಮೇಲೆ ಕಳಿಸೋಣ ಅಂತ ಇದ್ದೆ, ಆ ಕೆಲವರನ್ನು ಬಿಟ್ಟರೆ ಯಾರೂ ಹೋಗಲಿಲ್ಲವಲ್ಲ, ನಾನೇನು ನೋಡಲಿ ಅಂದೆ.

ಅವರು ಕೈಮುಗಿದರು.

“ಅಮ್ಮಾಜಮ್ಮನೋರೇ, ತಪ್ಪು ತಿಳ್ಕೋಬೇಡಿ. ನೀವು ಅವರು ಹೋಗ್ಲಿ ಅಂತ ಕಾಯ್ತಾ ಇದೀರಿ. ಅವರು ನೀವು ಹೋಗ್ಲಿ ಅಂತ ಕಾಯ್ತಾ ಇದಾರೆ.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸೊಸೆಯನ್ನು ಕಳಕೊಂಡವಳು ನಾನು. ಕೆಳಗಿನ ಬೀದಿಯಲ್ಲಿ ಯಾರು ಸತ್ತಿದ್ದಾರೆ? ಯಾರ ಮಗು ತಾಯಿಯ ಮುಖ ನೋಡದೆ ಉಳಿದಿದೆ? ನಾನು ಯಾರಿಗೂ ಸ್ಕೂಲು ಬಿಡಿಸಿ ಅಂತ ಹೇಳಿಲ್ಲ. ನನ್ನ ಮನೆಯ ಬಾಗಿಲು ನಾನು ಹಾಕಿಕೊಂಡೆ, ಅಷ್ಟೇ. ಊರು ತನ್ನ ಬಾಗಿಲು ತಾನು ಹಾಕಿಕೊಂಡರೆ ಅದಕ್ಕೂ ನಾನು ಜವಾಬ್ದಾರಳಾ?

ಇದನ್ನೆಲ್ಲ ಅವರ ಮುಂದೆ ಹೇಳಲಿಲ್ಲ. ಹೋಗಿ ಬನ್ನಿ ಮೇಷ್ಟ್ರೇ ಅಂದೆ.

27 ಅಕ್ಟೋಬರ್

ಊಟ ಸೇರಲಿಲ್ಲ.

31 ಅಕ್ಟೋಬರ್, ಭಾನುವಾರ

ಹರಿತಾ ನನಗೆ ಹೇಳದೆ ಕೆಳಗಿನ ಬೀದಿಗೆ ಹೋಗಿ ಬಂದಿದ್ದಾಳೆ. ಅಂಗಳದಲ್ಲಿ ನಿಲ್ಲಿಸಿ ಕೈಕಾಲು ತೊಳೆಸಿದೆ, ಬಟ್ಟೆ ಬದಲಾಯಿಸು ಅಂದೆ. ಎಲ್ಲವನ್ನೂ ಮಾಡಿದಳು. ಆಮೇಲೆ ಬಂದು ಎದುರು ನಿಂತಳು. ತನುಜ ನಿಲ್ಲುತ್ತಿದ್ದ ಹಾಗೆ, ಸೆರಗು ಒಂದಿಲ್ಲ.

“ಅವಳ ಕೈ ನೋಡಿದೀಯಾ ಅಜ್ಜಿ? ಬೆರಳೆಲ್ಲ ನೀರಲ್ಲಿ ನೆಂದು ಬೆಳ್ಳಗಾಗಿವೆ. ಪೆನ್ನು ಕೊಟ್ಟೆ, ಹಿಡಿಯೋಕೆ ಆಗ್ತಾ ಇಲ್ಲ. ನೀನು ಕಳಿಸಲಿಲ್ಲ ಅಂತಾನೇ ಅವರಜ್ಜಿ ಕಳಿಸಲಿಲ್ಲ.”

ನಾನು ನಿನಗೋಸ್ಕರ ಮಾಡಿದ್ದು ಕಣೇ ಅಂದೆ. ಗೊತ್ತು ಅಂದಳು. ಜಗಳವಾಡಿದ್ದರೆ ಉತ್ತರ ಕೊಡಬಹುದಾಗಿತ್ತು.

8 ನವೆಂಬರ್, ಸೋಮವಾರ

ಶಿಡ್ಲಘಟ್ಟಕ್ಕೆ ಹೋಗಿದ್ದೆ. ಮೇ ತಿಂಗಳ ಮೇಲೆ ಇದೇ ಮೊದಲು ಬಸ್ಸು ಹತ್ತಿದ್ದು. ರಮೇಶನ ಬಸ್ಸೇ. ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಕಿಟಕಿ ತೆಗೆದ. ಎರಡು ಮಾಸ್ಕ್ ಹಾಕಿಕೊಂಡಿದ್ದೆ. ಉಸಿರು ಕಟ್ಟಿತು.

ಫಿಲೇಚರಿನ ಬಾಗಿಲಲ್ಲೇ ಆವಿ ಮುಖಕ್ಕೆ ಹೊಡೆಯಿತು. ಸತ್ತ ಹುಳುವಿನ ವಾಸನೆ. ಸಾಲು ಸಾಲು ಬಿಸಿನೀರಿನ ತೊಟ್ಟಿ, ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು, ಹಿಂದೆ ರಾಟೆ ತಿರುಗುವ ಸದ್ದು. ಅವರ ನಡುವೆ ಹಲಗೆಯ ಮೇಲೆ ನಿಂತುಕೊಂಡು ಚಿಕ್ಕಮುನಿಯಮ್ಮನ ಮೊಮ್ಮಗಳು ಪ್ರಿಯಾಂಕ. ಹಲಗೆ ಇಲ್ಲದಿದ್ದರೆ ಅವಳ ಕೈ ತೊಟ್ಟಿಗೆ ಎಟುಕುವುದಿಲ್ಲ. ಗೂಡಿನ ತುದಿ ಹುಡುಕಿ, ಎಳೆ ಎತ್ತಿ, ಪಕ್ಕದವಳಿಗೆ ಕೊಡುತ್ತಿದ್ದಳು. ಎಷ್ಟು ಚುರುಕು ಅಂದರೆ ನೋಡುತ್ತಲೇ ನಿಂತುಬಿಟ್ಟೆ.

ಜಗನ್ ನಮ್ಮ ಗೂಡನ್ನು ಎಷ್ಟೋ ಸಲ ಹರಾಜಿನಲ್ಲಿ ಕೂಗಿದವನು. ಕೈಮುಗಿದು ಬಂದ. ಇಷ್ಟು ಚಿಕ್ಕ ಮಗೂನ ಹೇಗೆ ಇಟ್ಕೊಂಡೆ, ಪೊಲೀಸಿಗೆ ಹೇಳ್ತೀನಿ ಅಂದೆ. ಗದರಿದರೆ ನಡುಗುತ್ತಾನೆ ಅಂದುಕೊಂಡಿದ್ದೆ. ಅವನು ಧ್ವನಿ ಏರಿಸದೆ, ನಾನೇನು ಕಟ್ಟಾಕಿದೀನಾ ಅಮ್ಮ, ಕರ್ಕೊಂಡು ಹೋಗಿ ಅಂದ.

ಅವಳನ್ನು ಹೊರಗೆ ಕರೆದೆ. ಲಂಗಕ್ಕೆ ಕೈ ಒರೆಸಿಕೊಂಡು ಬಂದಳು. ನಾಳೆಯಿಂದ ಇಲ್ಲಿಗೆ ಬರಕೂಡದು, ಸ್ಕೂಲಿಗೆ ಹೋಗು ಅಂದೆ. ನನ್ನ ಮಾತಿಗೆ ಆಯ್ತಮ್ಮ ಅನ್ನುವ ಮನೆಯಲ್ಲೇ ಬೆಳೆದವಳು.

“ಹರಿತಾನ ಕಳಿಸಿ ಅಮ್ಮ,” ಅಂದಳು. “ನಂದು ಆಯ್ತು.”

ಕೋಪದಲ್ಲಿ ಅಂದದ್ದಲ್ಲ. ಊಟ ಆಯ್ತಾ ಅಂತ ಕೇಳಿದರೆ ಹೇಳುವ ಹಾಗೆ ಹೇಳಿದಳು. ಹದಿಮೂರು ವರ್ಷ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಒಂದು ಮಾಸ್ಕ್ ತೆಗೆದುಬಿಟ್ಟೆ. ಯಾಕೆ ತೆಗೆದೆನೋ.

15 ನವೆಂಬರ್, ಸೋಮವಾರ

ಹರಿತಾಳನ್ನು ಕಳಿಸಿದೆ.

ಸಮವಸ್ತ್ರ ಮೊಣಕಾಲಿನ ಮೇಲಕ್ಕೆ ಬಂದಿತ್ತು. ನಿನ್ನೆ ಕೂತು ಅಂಚು ಬಿಚ್ಚಿ ಇಳಿಸಿದೆ. ಬೆಲ್ಲದ ತಟ್ಟೆ ಹಿಡಿದು ಅವಳು ಮುಂದೆ, ನಾನು ಹಿಂದೆ. ಗೇಟಿನಲ್ಲಿ ಕೋನಪ್ಪ ಅವಳ ಹಣೆಗೆ ಯಂತ್ರ ಹಿಡಿದಾಗ ನಾನು ಅಂಕಿ ನೋಡಲು ಬಗ್ಗಿದೆ. ಎಲ್ಲ ಸರಿ ಇದೆ ಅಮ್ಮ ಅಂದರು. ಅವಳು ಒಳಗೆ ಹೋದಳು. ತಿರುಗಿ ನೋಡಲಿಲ್ಲ.

ಕೆಳಗಿನ ಬೀದಿಯ ಹೆಂಗಸರು ರಸ್ತೆಯ ಆ ಕಡೆ ನಿಂತು ನೋಡುತ್ತಿದ್ದರು. ನಾನು ಮನೆ ಸೇರುವಷ್ಟರಲ್ಲಿ ಮಕ್ಕಳು ಬ್ಯಾಗು ಹುಡುಕಿಕೊಂಡು ಓಡುತ್ತಿದ್ದವು. ಒಂದು ಮಾತೂ ಆಡಬೇಕಾಗಿರಲಿಲ್ಲ.

ಇಷ್ಟೇ ಇತ್ತು.

ಅವಳು ಬರುವ ತನಕ ಅಂಗಳ ಬಿಟ್ಟು ಕದಲಲಿಲ್ಲ. ಬಂದಳು. ಮೈ ಮುಟ್ಟಿ ನೋಡಿದೆ. ಬಿಸಿಯಿಲ್ಲ. ಏನು ಹೇಳಿಕೊಟ್ಟರು ಅಂದರೆ, ಹಾಜರಿ ಕೂಗಿದ್ರು, ಪ್ರಿಯಾಂಕ ಅಂತ ಮೂರು ಸಲ ಕೂಗಿದ್ರು ಅಂದಳು.

20 ನವೆಂಬರ್, ಶನಿವಾರ

ಮಳೆ ನಿಂತೇ ಇಲ್ಲ. ಎಷ್ಟೋ ವರ್ಷದಿಂದ ಒಣಗಿದ್ದ ಕೆರೆ ಕೋಡಿ ಹೋಗುತ್ತಿದೆ. ಊರೆಲ್ಲ ನೋಡಲು ಹೋಗಿದೆ.

ನಾನು ಕೊಡೆ ಹಿಡಿದು ಚಿಕ್ಕಮುನಿಯಮ್ಮನ ಮನೆಗೆ ಹೋದೆ. ಬಾಯಿ ತೆರೆದು ಯಾರನ್ನೂ ಏನನ್ನೂ ಕೇಳಿ ಅಭ್ಯಾಸವಿಲ್ಲ ನನಗೆ. ಮನೆ ಸೋರುತ್ತಿತ್ತು. ಮೂಲೆಮೂಲೆಗೆ ಪಾತ್ರೆ ಇಟ್ಟಿದ್ದಳು. ಇದ್ದ ಒಂದು ಸ್ಟೂಲನ್ನು ಸೆರಗಿನಿಂದ ಒರೆಸಿ ಹಾಕಿದಳು.

ಮಗೂನ ಕಳಿಸು, ಅವಳ ಸಂಬಳ ಎಷ್ಟೋ ಅದನ್ನು ನಾನು ಕೊಡ್ತೀನಿ ಅಂದೆ. ತುಂಬಿದ ಪಾತ್ರೆಯ ನೀರನ್ನು ಹೊರಗೆ ಚೆಲ್ಲಿ ಬಂದಳು. ಗಾರ್ಮೆಂಟ್ಸಿನಲ್ಲಿ ಮಗಳಿಗೆ ವಾರದಲ್ಲಿ ಮೂರು ದಿನವಷ್ಟೇ ಕೆಲಸ ಅಂತ ಆಗ ಗೊತ್ತಾಯಿತು.

“ನೀವು ಬ್ಯಾಡ ಅಂದಾಗ ಕೂರಿಸ್ದೆ ಅಮ್ಮ. ಕೂತಿದ್ದ ಮಗೂನ ಎಷ್ಟು ದಿನ ಅಂತ ನೋಡ್ಲಿ. ಫೋನಿಲ್ಲ, ಪಾಠ ಇಲ್ಲ. ಅದೇ ಎದ್ದು ಹೋಯ್ತು.”

ನಾನು ಬೇಡ ಅಂದಿರಲಿಲ್ಲ ಅಂತ ಹೇಳಬೇಕು ಅನ್ನಿಸಿತು. ಕೊಡೆ ಬಿಚ್ಚಿದೆ. ಹೊರಡುವಾಗ, ಸರಿ ಬಿಡಮ್ಮ, ಕೇಳಿ ನೋಡ್ತೀನಿ ಅಂದಳು.

29 ನವೆಂಬರ್, ಸೋಮವಾರ

ಪ್ರಿಯಾಂಕ ಇವತ್ತು ಸ್ಕೂಲಿಗೆ ಬಂದಿದ್ದಳಂತೆ! ಬೆಳಿಗ್ಗೆ ಹರಿತಾ ಓಡಿ ಹೋಗಿ ಕರೆದುಕೊಂಡು ಹೋದಳು. ತನ್ನ ಹಳೆಯ ಸಮವಸ್ತ್ರ ಒಯ್ದಿದ್ದಾಳೆ. ನಾನು ಎರಡು ಡಬ್ಬಿ ಚಿತ್ರಾನ್ನ ಕಟ್ಟಿದೆ. ರಮೇಶನಿಗೆ ಫೋನು ಮಾಡಿ ಹೇಳಿದೆ. ಸುಮ್ಮನೆ, ತಿಳಿಸೋಣ ಅಂತ.

ರಮೇಶನ ಹಾಸಿಗೆಯನ್ನು ಪಂಪ್‌ಸೆಟ್ ಮನೆಯಿಂದ ತರಿಸಿ ಒಳಗೆ ಹಾಕಿಸಿದೆ. ಮಳೆಗೆ ಅಲ್ಲಿ ಥಂಡಿ.

30 ನವೆಂಬರ್

ನಿನ್ನೆ ಏನಾಯಿತು ಅಂತ ಹರಿತಾ ಇವತ್ತು ಹೇಳಿದಳು. ಮೇಷ್ಟ್ರು ಒಂದು ಪುಟ ಓದಿಸಿದರಂತೆ. ಪ್ರಿಯಾಂಕ ಎದ್ದು ನಿಂತು ಮೊದಲ ಸಾಲು ಓದಿದಳು. ಎರಡನೇ ಸಾಲಿನಲ್ಲಿ ನಿಂತಳು. ಒತ್ತಕ್ಷರ ಬಂದಲ್ಲೆಲ್ಲ ತಡವರಿಸಿದಳು. ಹಿಂದಿನ ಬೆಂಚಿನ ಹುಡುಗರು ನಕ್ಕರು. ಮೇಷ್ಟ್ರು ಗದರಿದರು, ಪರವಾಗಿಲ್ಲಮ್ಮ, ನಿಧಾನಕ್ಕೆ ಬರುತ್ತೆ ಅಂದರು. ಅವಳು ಕೂತಳು. ಸಂಜೆವರೆಗೆ ಪುಸ್ತಕದಿಂದ ತಲೆ ಎತ್ತಲಿಲ್ಲ.

ಐದನೇ ಕ್ಲಾಸಿನಲ್ಲಿ ಹರಿತಾಳಿಗಿಂತ ಅವಳೇ ಚೆನ್ನಾಗಿ ಓದುತ್ತಿದ್ದಳು. ಸ್ವಾತಂತ್ರ್ಯ ದಿನ ಸ್ಟೇಜಿನ ಮೇಲೆ ನಿಂತು ಓದಿದ್ದು ನನಗೇ ನೆನಪಿದೆ. ಅವತ್ತು ನಾನು ಮುಂದಿನ ಕುರ್ಚಿಯಲ್ಲಿ ಕೂತಿದ್ದೆ, ಯಾರ ಮಗು ಇದು ಅಂತ ಪಕ್ಕದವರನ್ನು ಕೇಳಿದ್ದೆ.

ಇವತ್ತು ಬೆಳಿಗ್ಗೆ ಮತ್ತೆ ರಮೇಶನ ಬಸ್ಸಿಗೆ ಹತ್ತಿದಳಂತೆ.

3 ಡಿಸೆಂಬರ್

ಚಿಕ್ಕಮುನಿಯಮ್ಮ ನಾನು ಕಳಿಸಿದ ದುಡ್ಡನ್ನು ಹಾಗೇ ತಂದು ಜಗಲಿಯ ಮೇಲಿಟ್ಟಳು. ಅವಳು ಒಪ್ಪಲ್ಲ ಅಮ್ಮ ಅಂದಳು. ಇಟ್ಟುಕೋ ಅಂದೆ. ಇಟ್ಟುಕೊಳ್ಳಲಿಲ್ಲ. ಸೊಪ್ಪಿನ ತೋಟಕ್ಕೆ ಹೋದಳು.

ನಾನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ನಾನು ಆಡದಿದ್ದರೂ ಊರು ಕೇಳಿಸಿಕೊಂಡ ಮಾತನ್ನು ಹೇಗೆ ತೆಗೆದುಕೊಳ್ಳಲಿ?

10 ಡಿಸೆಂಬರ್, ಶುಕ್ರವಾರ

ಹರಿತಾ ದಿನಾ ಬಹಳ ಬೇಗ ಹೊರಡುತ್ತಾಳೆ. ಸ್ಕೂಲಿನ ಗಂಟೆಗೆ ಇನ್ನೂ ಎರಡು ಗಂಟೆ ಇರುತ್ತದೆ. ಯಾಕೆ ಅಂದರೆ, ಓದ್ಕೋತೀನಿ ಅಜ್ಜಿ, ಅಲ್ಲಿ ಜಗಲಿ ಮೇಲೆ ತಂಪಾಗಿರುತ್ತೆ ಅನ್ನುತ್ತಾಳೆ. ಈ ಚಳಿಯಲ್ಲಿ ತಂಪಂತೆ.

ಇವತ್ತು ಹಿಂದೆಯೇ ಹೋದೆ. ಮಂಜು ಇತ್ತು. ಕೆಳಗಿನ ಬೀದಿಯ ಬಾಯಲ್ಲಿ ಪ್ರಿಯಾಂಕ ನಿಂತಿದ್ದಳು. ಇಬ್ಬರೂ ಮಾತಾಡಿಕೊಂಡು ಸರ್ಕಲ್ಲಿನ ಕಡೆ ನಡೆದರು. ಎರಡು ಹೆಜ್ಜೆ ಹೋಗುವಷ್ಟರಲ್ಲಿ ಹರಿತಾ ಬ್ಯಾಗು ಕಳಚಿ ಪ್ರಿಯಾಂಕಳಿಗೆ ಕೊಟ್ಟಳು. ಅವಳು ಅದನ್ನು ಎರಡು ಹೆಗಲಿಗೂ ಹಾಕಿಕೊಂಡಳು. ಕೇಳುವುದಿಲ್ಲ, ಹೇಳುವುದಿಲ್ಲ, ದಿನಾ ಮಾಡುವ ಕೆಲಸದ ಹಾಗೆ.

ಇಬ್ಬರದೂ ಒಂದೇ ಎತ್ತರ, ಎರಡು ಜಡೆ. ಹಿಂದಿನಿಂದ ನೋಡಿದರೆ ಸ್ಕೂಲಿಗೆ ಹೋಗುವವಳು ಅವಳೇ ಅನ್ನಬೇಕು, ಹಾಗಿತ್ತು.

ಕೂಗಬೇಕು ಅಂದುಕೊಂಡೆ. ಹುಣಸೆ ಮರದ ಹಿಂದೆ ನಿಂತುಬಿಟ್ಟೆ.

ಸರ್ಕಲ್ಲಿನಲ್ಲಿ ಬಸ್ಸಿನ ದೀಪ ಕಂಡಿತು. ಪ್ರಿಯಾಂಕ ಬ್ಯಾಗು ಇಳಿಸಿ ಹರಿತಾಳ ಹೆಗಲಿಗೆ ಹಾಕಿದಳು. ಒಂದು ಪಟ್ಟಿ ಮಡಚಿಕೊಂಡಿತ್ತು, ಅದನ್ನು ಬಿಡಿಸಿ ನೇರ ಮಾಡಿದಳು. ರಮೇಶ ಶಿಳ್ಳೆ ಹಾಕಿದ. ಅವಳು ಬಸ್ಸು ಹತ್ತಿದಳು.